ಅತ್ತಿಗೆಯ ಒಂದೇ ಗ್ಲಾಸು

ಆಪರೇಷನ್ನಿಗೆ ಮೊದಲು ನನ್ನ ಅತ್ತಿಗೆಯ ತೂಕ ನೂರಾ ಹತ್ತೊಂಬತ್ತು ಕಿಲೋ ಇತ್ತು. ಇದನ್ನು ಬರೆಯಬಹುದೇ ಎಂದು ಅವಳನ್ನೇ ಕೇಳಿದೆ. "ಬರಿ. ಆದ್ರೆ ನಿಂದೂ ಬರಿ ಕಣೇ" ಎಂದಳು. ನನ್ನದು ಎಪ್ಪತ್ತೆಂಟು. ಇನ್ನು ಮುಂದಕ್ಕೆ ಹೋಗಬಹುದು.

ಅತ್ತಿಗೆ ಒಂದು ಡ್ರೈವಿಂಗ್ ಸ್ಕೂಲು ನಡೆಸುತ್ತಾಳೆ. ಎರಡು ಕಾರು, ರಸ್ತೆಗೆ ಮುಖ ಮಾಡಿದ ಒಂದೇ ಕೋಣೆಯ ಆಫೀಸು, ಹಿಂದುಗಡೆ ರಿವರ್ಸ್ ಕಲಿಸಲು ಡಾಂಬರು ಹಾಕಿದ ಅಂಗಳ. ಒಂದು ಕಾರು ಅವಳದು, ಇನ್ನೊಂದು ಮೀಸೆ ಮಾಸ್ತರರದು. ಮಾಸ್ತರರು ಮೀಸೆ ಬೋಳಿಸಿ ಹತ್ತು ವರ್ಷವಾಯಿತು, ಹೆಸರು ಮಾತ್ರ ಹಾಗೇ ಉಳಿದಿದೆ. ಆಫೀಸು ನನ್ನ ಪಾಲಿಗೆ. ಫೋನ್ ಎತ್ತುತ್ತೇನೆ, ಯಾರಿಗೆ ಎಷ್ಟು ಹೊತ್ತಿಗೆ ಪಾಠ ಎಂದು ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆಯುತ್ತೇನೆ, ಮೊದಲ ಪಾಠ ಮುಗಿಸಿ ನಡುಗುತ್ತ ಬಂದವರಿಗೆ ನೀರು ಕೊಡುತ್ತೇನೆ. ಅತ್ತಿಗೆಯ ಕಾರಿನಿಂದ ಇಳಿದವರಿಗೆ ನೀರು ಬೇಕಾಗುತ್ತಿದ್ದುದು ಕಡಿಮೆ. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದಲ್ಲ, ಅದನ್ನು ಪಕ್ಕದವರಿಗೆ ಗೊತ್ತೇ ಆಗದ ಹಾಗೆ ಮೆಲ್ಲಗೆ ಒತ್ತಿ, "ನೋಡಿ, ಎಷ್ಟು ಚೆನ್ನಾಗಿ ನಿಲ್ಸಿದ್ರಿ!" ಎಂದುಬಿಡುತ್ತಿದ್ದಳು. ಪಾಪ, ಅವರು ಎದೆ ಉಬ್ಬಿಸಿಕೊಂಡು ಮನೆಗೆ ಹೋಗುತ್ತಿದ್ದರು.

ನನ್ನ ಅಣ್ಣನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ಗಾಜು ಅರೆದು ಅರೆದು ಅವನ ಮಾತೂ ಸವೆದುಹೋಗಿದೆ. ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು. ನಾನಿರುವುದು ಅವರ ಮನೆಯ ಮಹಡಿಯ ಮೇಲೆ. ಊಟ ಮಾತ್ರ ಮೂವರಿಗೂ ಕೆಳಗೆ, ಒಂದೇ ಮೇಜಿನಲ್ಲಿ.

ಅತ್ತಿಗೆ ಆಪರೇಷನ್ನಿಗೆ ಮನಸ್ಸು ಮಾಡಿದ್ದು ಮಂಡಿನೋವಿನಿಂದ. ತೂಕ ಇಳಿಯದೆ ಈ ಮಂಡಿಗೆ ಕೈ ಹಾಕಲಾರೆ ಎಂದರು ಡಾಕ್ಟರು. ಹತ್ತು ಕಿಲೋ ಇಳಿಸಿ ಹನ್ನೆರಡು ಏರಿಸಿಕೊಳ್ಳುವ ಕೆಲಸವನ್ನು ಅವಳು ಅಷ್ಟು ಹೊತ್ತಿಗೆ ಹದಿನೈದು ವರ್ಷ ಶ್ರದ್ಧೆಯಿಂದ ಮಾಡಿದ್ದಳು. ಮನೆಯಲ್ಲಿ ನಾವೆಲ್ಲ ಅವಳ ಗಾತ್ರವನ್ನು ಕಿಚಾಯಿಸುತ್ತಿದ್ದೆವು. ಆದರೆ ಆ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ನಾನು ಸೀಟ್ ಬೆಲ್ಟ್ ಹಾಕ್ಕೊಳ್ಳೋದಲ್ಲ, ಅದೇ ಜೀವ ಕೈಲಿ ಹಿಡ್ಕೊಂಡು ನನ್ನ ತಬ್ಕೊಂಡಿರತ್ತೆ" ಎನ್ನುತ್ತಿದ್ದಳು. ನಾವು ಕಿಚಾಯಿಸುವ ಮೊದಲೇ ತಾನೇ ಅಂದುಬಿಟ್ಟರೆ ಚುಚ್ಚುವುದಿಲ್ಲ ಎಂದು ಹಾಗೆ ಮಾಡುತ್ತಿದ್ದಳೋ ಏನೋ, ನಾನು ಎಂದೂ ಕೇಳಲಿಲ್ಲ.

ಡಾಕ್ಟರು ಅವಳ ಹೊಟ್ಟೆಯ ಚೀಲವನ್ನು ಒಂದು ಮೊಟ್ಟೆಯಷ್ಟು ಚಿಕ್ಕದು ಮಾಡಿ, ಕರುಳಿನ ಕೆಳಭಾಗವನ್ನು ನೇರ ತಂದು ಅದಕ್ಕೆ ಜೋಡಿಸಿದರು. ನೋಡಲು ಬಂದವರಿಗೆಲ್ಲ ಅತ್ತಿಗೆ ಹಾಸಿಗೆಯಲ್ಲೇ ಪಾಠ ಮಾಡಿದಳು: "ಬೈಪಾಸ್ ರಸ್ತೆ ಮಾಡಿದ್ದಾರೆ. ಇನ್ಮೇಲೆ ಯಾವ ಗಾಡೀನೂ ಊರೊಳಗೆ ಹೋಗಲ್ಲ, ಸೀದಾ ಹೈವೇ." ಆಸ್ಪತ್ರೆಯವರು ಮೂವತ್ತೆರಡು ಪುಟದ ಪುಸ್ತಿಕೆಯೊಂದನ್ನು ಕೊಟ್ಟು ಕಳಿಸಿದರು. ನಾವು ಅದರಲ್ಲಿ ಸೂಪು ಮಾಡುವ ಪುಟಗಳನ್ನು ಶ್ರದ್ಧೆಯಿಂದ ಓದಿ ಫ್ರಿಜ್ಜಿನ ಮೇಲಿಟ್ಟೆವು.

ತೂಕ ಸರಸರ ಇಳಿಯಿತು. ಆರು ತಿಂಗಳಿಗೆ ನಲವತ್ತು ಕಿಲೋ. ಕಾರಿನ ಸೀಟನ್ನು ನಾಲ್ಕು ಹಲ್ಲು ಮುಂದಕ್ಕೆ ಎಳೆದಳು. ಹಳೆಯ ವಿದ್ಯಾರ್ಥಿಯೊಬ್ಬರು ಆಫೀಸಿಗೆ ಬಂದು, ಎದುರಿಗೇ ನಿಂತಿದ್ದ ಅವಳನ್ನು "ದೊಡ್ಡ ಮೇಡಂ ಇಲ್ವಾ?" ಎಂದು ಕೇಳಿದರು. "ಅವರು ಕರಗಿಹೋದ್ರು, ನಾನು ಉಳ್ಕೊಂಡಿರೋದು" ಎಂದಳು. ಅವರು ಬಿಳಿಚಿಕೊಂಡರು.

ಎಲ್ಲ ಚೆನ್ನಾಗಿತ್ತು, ಊಟದ ಹೊತ್ತೊಂದನ್ನು ಬಿಟ್ಟು. ಹನ್ನೊಂದೂವರೆಯ ಪಾಠಕ್ಕೂ ಎರಡು ಗಂಟೆಯ ಪಾಠಕ್ಕೂ ನಡುವೆ ನಾವಿಬ್ಬರೂ ಆಫೀಸಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದೆವು. ಇಪ್ಪತ್ತು ವರ್ಷದಲ್ಲಿ ನಾವು ಮಾತಾಡಿದ್ದರಲ್ಲಿ ಮುಕ್ಕಾಲು ಪಾಲು ಆ ಡಬ್ಬಿಗಳ ಮುಂದೆಯೇ. ಈಗ ಅವಳು ನಾಲ್ಕು ಚಮಚ ತಿಂದು ಮುಚ್ಚಳ ಹಾಕುತ್ತಿದ್ದಳು. ಐದನೆಯದು ಹೋದರೆ ಎದೆಯಲ್ಲಿ ಕಲ್ಲು ಕೂತ ಹಾಗಾಗುತ್ತಿತ್ತಂತೆ. ಸಿಹಿ ಮುಟ್ಟಿದರೆ ಬೆವತು ತಲೆ ತಿರುಗುತ್ತಿತ್ತು. "ನೀನು ತಿನ್ನು, ನಾನು ನೋಡ್ತೀನಿ" ಎಂದು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂರುತ್ತಿದ್ದಳು. ಹಾಗೆ ಒಬ್ಬರು ನೋಡುತ್ತಿದ್ದರೆ ಯಾರ ಗಂಟಲಲ್ಲಿ ತುತ್ತು ಇಳಿದೀತು? ಅವಳದರ ಜೊತೆ ನನ್ನದೂ ಮೂರು ಕಿಲೋ ಇಳಿಯಿತು.

ಎಂಟನೆಯ ತಿಂಗಳಲ್ಲಿ ಅಣ್ಣನ ಅಂಗಡಿಗೆ ಇಪ್ಪತ್ತೈದು ತುಂಬಿತು. ಒಂದು ಭಾನುವಾರ ಮಧ್ಯಾಹ್ನ ನೆಂಟರನ್ನೂ ಹಳೆಯ ಗಿರಾಕಿಗಳನ್ನೂ ಕರೆದು ಊಟ ಹಾಕಿದೆವು. ನಮ್ಮ ಚಿಕ್ಕಪ್ಪ ಬಾಟಲಿಗಳ ಉಸ್ತುವಾರಿ ವಹಿಸಿಕೊಂಡರು. ಯಾರ ಮನೆಯಲ್ಲಿ ಏನೇ ನಡೆದರೂ ಅವರು ಕೇಳಿ ಪಡೆದುಕೊಳ್ಳುವ ಕೆಲಸ ಅದೊಂದೇ. ಮೊದಲಾದರೆ ಅತ್ತಿಗೆ ಇಂಥ ದಿನ ನಾಲ್ಕು ದೊಡ್ಡ ಗ್ಲಾಸು ಬಿಯರ್ ಕುಡಿದರೂ ಮಾತು ಎಳ್ಳಷ್ಟೂ ತೊದಲುತ್ತಿರಲಿಲ್ಲ. ಅವಳಿಗೆ ಅದು ಊಟದ ಜೊತೆಗಿನ ನೀರು, ವರ್ಷಕ್ಕೆ ನಾಲ್ಕೈದು ಸಲದ ಮಾತು. ಆಪರೇಷನ್ ಆದ ಮೇಲೆ ಮುಟ್ಟಿರಲಿಲ್ಲ.

"ಗುಳ್ಳೆ ಬರೋದು ಏನೂ ಕುಡೀಬಾರ್ದು ಅಂದಿದ್ದಾರೆ ಚಿಕ್ಕಪ್ಪ" ಎಂದಳು.

ಚಿಕ್ಕಪ್ಪ ವೈನ್ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇದ್ರಲ್ಲಿ ಗುಳ್ಳೆ ಎಲ್ಲಿದೆ? ತೋರ್ಸು ನೋಡೋಣ."

ಅತ್ತಿಗೆ ಬಗ್ಗಿ ನೋಡಿದಳು. ಇರಲಿಲ್ಲ. ಅಣ್ಣನನ್ನೂ ಕರೆದು ನೋಡಿಸಿದರು, ಕಣ್ಣಿನ ವಿಷಯದಲ್ಲಿ ಅವನ ಮಾತೇ ಕೊನೆ ಎಂದು. ಅವನೂ "ಇಲ್ಲ" ಎಂದ.

ಒಂದು ಗ್ಲಾಸು. ಅದೂ ಪೂರ್ತಿ ಅಲ್ಲ. ಕಾಲು ಗಂಟೆ ಆಗಿತ್ತೋ ಇಲ್ಲವೋ, ಅತ್ತಿಗೆ ಎದ್ದು ಊಟದ ಕುರ್ಚಿಗಳನ್ನು ಎರಡೆರಡರಂತೆ ಸಾಲಾಗಿ ಜೋಡಿಸಿ ಚಿಕ್ಕಪ್ಪನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಕೈಗೆ ಒಂದು ತಟ್ಟೆ ಕೊಟ್ಟು, "ಸ್ಟೇರಿಂಗ್ ಸರಿಯಾಗಿ ಹಿಡೀರಿ. ಕನ್ನಡಿ ನೋಡಿದ್ರಾ? ಹಿಂದೆ ಯಾರು ಬರ್ತಿದ್ದಾರೆ?" ಎಂದಳು.

"ಯಾರೂ ಇಲ್ಲ" ಎಂದರು ಚಿಕ್ಕಪ್ಪ.

"ಚಿಕ್ಕಮ್ಮ ಬರ್ತಿದ್ದಾರೆ! ಬ್ರೇಕ್! ಬ್ರೇಕ್! ಗ್ಲಾಸ್ ಕೆಳಗಿಡಿ!"

ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆಮೇಲೆ ಅವಳು ಅಣ್ಣ ಮದುವೆಗೆ ಮೊದಲು ತನ್ನನ್ನು ನೋಡಲು ಬಂದಾಗ ಗಡಿಬಿಡಿಯಲ್ಲಿ ಯಾವುದೋ ಗಿರಾಕಿಯ ಕನ್ನಡಕ ಹಾಕಿಕೊಂಡು ಬಂದಿದ್ದನ್ನೂ, ಅವನಿಗೆ ಕಂಡ ಹುಡುಗಿ ಬೇರೆ, ಕಟ್ಟಿಕೊಂಡವಳು ಬೇರೆ ಎಂಬುದನ್ನೂ ಹೇಳಿದಳು. ಅಣ್ಣ ಕೆಂಪಗಾದ. ಅವಳು ಹಾಗೆ ನಗಿಸಿ ತಿಂಗಳುಗಳೇ ಆಗಿದ್ದವು. ಹೇಳಿ ಮುಗಿಸಿದವಳೇ ಕುರ್ಚಿಯಲ್ಲಿ ಕೂತಲ್ಲೇ ಎರಡು ಗಂಟೆ ನಿದ್ದೆ ಹೊಡೆದಳು.

ಅಂದಿನಿಂದ ನೆಂಟರ ನಡುವೆ ಅವಳಿಗೆ "ಒಂದೇ ಗ್ಲಾಸಿನ ಅತ್ತಿಗೆ" ಎಂದು ಹೆಸರಾಯಿತು. ಯಾರ ಮನೆಗೆ ಹೋದರೂ ಆ ಒಂದು ಗ್ಲಾಸು ಅವಳಿಗಾಗಿ ಕಾದಿರುತ್ತಿತ್ತು. ಸಿನಿಮಾ ಶುರುವಾಗುವುದನ್ನು ಕಾಯುವವರ ಹಾಗೆ ಜನ ಸುತ್ತ ಕೂರುತ್ತಿದ್ದರು. ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಎಷ್ಟೋ ಸಲ ಬಗ್ಗಿಸಿ ಕೊಟ್ಟಿದ್ದೇನೆ. ಮೊದಲು ದಪ್ಪಗಿದ್ದಾಳೆಂದು ಕಿಚಾಯಿಸಿದವರು ಈಗ ಬೇಗ ಏರುತ್ತದೆಂದು ಕಿಚಾಯಿಸಿದೆವು, ಅಷ್ಟೇ ವ್ಯತ್ಯಾಸ.

ಭಾನುವಾರದ ಗ್ಲಾಸು ಬುಧವಾರಕ್ಕೂ ಬಂತು. ಬುಧವಾರದ್ದು ಸೋಮವಾರಕ್ಕೆ. ಇದು ಇಂಥ ದಿನ ಹೆಚ್ಚಾಯಿತು ಎಂದು ಬೆರಳಿಟ್ಟು ತೋರಿಸಲು ನನ್ನಿಂದಾಗದು. ಸಂಜೆ ಪಾಠ ಮುಗಿಸಿ ಬಂದು ಅಡುಗೆಮನೆಯಲ್ಲಿ ನಿಂತೇ ಅರ್ಧ ಗ್ಲಾಸು ಕುಡಿಯುತ್ತಿದ್ದಳು. ಕೇಳಿದರೆ, "ನಾಲ್ಕು ಚಮಚ ಊಟ ಮಾಡೋಳಿಗೆ ಅರ್ಧ ಗ್ಲಾಸೂ ಬೇಡ್ವಾ?" ಎನ್ನುತ್ತಿದ್ದಳು.

ಎರಡನೆಯ ವರ್ಷ ಶುರುವಾಗುವ ಹೊತ್ತಿಗೆ ಅವಳ ನಗು ಮತ್ತೆ ಕಡಿಮೆಯಾಯಿತು. ಬೆಳಗಿನ ಎಂಟು ಗಂಟೆಯ ಪಾಠಗಳನ್ನು ಹತ್ತಕ್ಕೆ ಬರೆಯಲು ಹೇಳಿದಳು. ಅಂಗಳದಲ್ಲಿ ರಿವರ್ಸ್ ತೋರಿಸುವಾಗ ಗುರುತಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕೋನೊಂದನ್ನು ಅವಳೇ ಅಪ್ಪಚ್ಚಿ ಮಾಡಿದಳು. "ಕೋನೇ ಅಡ್ಡ ಬಂತು" ಎಂದು ಮೀಸೆ ಮಾಸ್ತರರಿಗೆ ಹೇಳಿದ್ದು ಕಿವಿಗೆ ಬಿತ್ತು. ನಕ್ಕೆ. ಆದರೆ ಮಾಸ್ತರರು ನಗಲಿಲ್ಲ.

ಪ್ರೋಟೀನ್ ಪುಡಿ ಕಲಸಿಕೊಂಡು ಕುಡಿಯಲು ಅವಳ ಬಳಿ ಮುಚ್ಚಳವಿರುವ ಒಂದು ನೀಲಿ ಶೇಕರ್ ಇತ್ತು. ಆಸ್ಪತ್ರೆಯವರು ಹೇಳಿದ್ದರಿಂದ ಅದು ಇಡೀ ದಿನ ಕೈಯಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಆಫೀಸಿನ ಸಿಂಕಿನಲ್ಲಿ ನನ್ನ ಡಬ್ಬಿಯ ಜೊತೆ ಅದನ್ನೂ ತೊಳೆಯೋಣವೆಂದು ಮುಚ್ಚಳ ತೆಗೆದೆ. ವಾಸನೆ ಮುಖಕ್ಕೆ ಹೊಡೆಯಿತು. ತಿರುಗಿದರೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಪುಡಿ ಕೆಟ್ಟಿದೆ ಅನ್ಸತ್ತೆ" ಎಂದೆ ನಾನು.

"ಹೂಂ. ಬೇರೆ ಡಬ್ಬ ತರ್ಬೇಕು" ಎಂದಳು ಅವಳು.

ನಾನು ಶೇಕರನ್ನು ಮೂರು ಸಲ ತೊಳೆದು ಬೋರಲು ಹಾಕಿದೆ. ಅದೇ ವಾರ ಅಣ್ಣ ತನ್ನ ಹತ್ತು ವಾಕ್ಯಗಳಲ್ಲೊಂದನ್ನು ನನಗೆ ಕೊಟ್ಟ: "ಅವಳು ಯಾಕೋ ಬೇಗ ಮಲಗ್ತಾಳೆ." "ತೂಕ ಇಳಿದಿದೆಯಲ್ಲ, ಸುಸ್ತು" ಎಂದೆ. ಅಷ್ಟು ಸಲೀಸಾಗಿ ಸುಳ್ಳು ಹೇಳುವವಳು ನಾನೆಂದು ನನಗೇ ಗೊತ್ತಿರಲಿಲ್ಲ.

ಈಗ ಟೆಲಿಫೋನ್ ಅಮ್ಮನ ವಿಷಯಕ್ಕೆ ಬರಬೇಕು. ಅವರಿಗೆ ಅರವತ್ತೇಳು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮನೆಯ ಶೆಡ್ಡಿನಲ್ಲಿ ಕಾರು ಸುಮ್ಮನೆ ನಿಂತಿತ್ತು. ಅದನ್ನು ಮಾರಲು ಮಕ್ಕಳು ಒತ್ತಾಯಿಸಿದಾಗ, "ನಾನೇ ಓಡಿಸ್ತೀನಿ" ಎಂದು ಹಟಕ್ಕೆ ಬಿದ್ದು ನಮ್ಮಲ್ಲಿ ಸೇರಿದರು. ಯಾರು ಏನು ಹೇಳಿದರೂ ಅದನ್ನು ಒಮ್ಮೆ ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದು ಅವರ ವೃತ್ತಿಯ ಅಭ್ಯಾಸ. ಅತ್ತಿಗೆ "ಎಡಕ್ಕೆ ತಿರುಗಿ" ಎಂದರೆ, "ಎಡಕ್ಕೆ ತಿರುಗಿ ಅಂದ್ರಿ. ತಿರುಗ್ತಿದ್ದೀನಿ" ಎಂದು ಹೇಳಿ ಆಮೇಲೆ ತಿರುಗುವರು. ಅಷ್ಟರಲ್ಲಿ ತಿರುವು ದಾಟಿಹೋಗಿರುತ್ತಿತ್ತು. ಒಂದು ಬೀದಿಯನ್ನು ಎಡಕ್ಕೆ ಹಿಡಿಯಲು ಅವರಿಗೆ ಹನ್ನೊಂದು ಪಾಠ ಬೇಕಾದವು. ಅತ್ತಿಗೆಗೆ ಅವರೆಂದರೆ ಪ್ರಾಣ.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಆಫೀಸಿನ ಫೋನ್ ಬಂತು.

"ಡ್ರೈವಿಂಗ್ ಸ್ಕೂಲಾ? ನಾನು ನಿಮ್ಮ ವಿದ್ಯಾರ್ಥಿನಿ ಮಾತಾಡ್ತಿರೋದು" ಎಂದಿತು ಟೆಲಿಫೋನ್ ಅಮ್ಮನ ತಿದ್ದಿ ತೀಡಿದ ದನಿ. "ನಿಮ್ಮ ಕಾರು ದೊಡ್ಡ ರಸ್ತೆಯ ಬಣ್ಣದ ಅಂಗಡಿ ಮುಂದೆ ನಿಂತಿದೆ. ಇಂಜಿನ್ ಆಫ್ ಆಗಿದೆ. ಕೀ ನನ್ನ ಬ್ಯಾಗಿನಲ್ಲಿದೆ. ಮೇಡಂ ಕಾರಿನಲ್ಲಿದ್ದಾರೆ. ಯಾರಿಗೂ ಏನೂ ಆಗಿಲ್ಲ. ನೀವು ನಡ್ಕೊಂಡು ಬನ್ನಿ."

"ಏನಾಯ್ತಮ್ಮಾ?"

"ಏನಾಯ್ತು ಅಂತ ಕೇಳಿದ್ರಿ. ಬಂದ್ಮೇಲೆ ಹೇಳ್ತೀನಿ."

ಆಫೀಸಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಹತ್ತು ನಿಮಿಷದ ದಾರಿಯನ್ನು ಐದರಲ್ಲಿ ಓಡಿದೆ.

ಕಾರು ಪಾದಚಾರಿ ಕಟ್ಟೆಗೆ ಗೀಟು ಎಳೆದ ಹಾಗೆ ನಿಂತಿತ್ತು. ಅಷ್ಟು ನೇರವಾಗಿ ಟೆಲಿಫೋನ್ ಅಮ್ಮ ಅಲ್ಲಿಯವರೆಗೆ ಎಂದೂ ನಿಲ್ಲಿಸಿರಲಿಲ್ಲ. ಅವರು ಹೊರಗೆ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದರು. ಅತ್ತಿಗೆ ಒಳಗೆ ಸೀಟ್ ಬೆಲ್ಟ್ ಕೂಡ ಬಿಚ್ಚದೆ ತನ್ನ ಪಾದ ನೋಡಿಕೊಂಡು ಕೂತಿದ್ದಳು. ಅಂಗಡಿಯವನು ಬಣ್ಣದ ಡಬ್ಬಗಳ ಹಿಂದಿನಿಂದ ಕತ್ತು ಚಾಚಿದ್ದ.

ಟೆಲಿಫೋನ್ ಅಮ್ಮ ವರದಿ ಒಪ್ಪಿಸಿದರು. "ಹತ್ತು ಐವತ್ತಕ್ಕೆ ಮೇಡಂ ಬಲಕ್ಕೆ ತಿರುಗಿ ಅಂದ್ರು. ಬಲಕ್ಕೆ ತಿರುಗಿ ಅಂದ್ರಿ, ಬಲಕ್ಕೆ ಅಂಗಡಿ ಇದೆ ಅಂದೆ. ಅವರು ನಕ್ಕರು. ನಾನೂ ನಕ್ಕೆ. ಮುಂದೆ ಒಬ್ಬಳು ತಾಯಿ, ಮಗುವಿನ ತಳ್ಳುಗಾಡಿ ತಗೊಂಡು ರಸ್ತೆ ದಾಟ್ತಿದ್ಲು. ನಾನು ಸ್ವಲ್ಪ ನಿಧಾನ. ಯಾವಾಗ್ಲೂ ನಾನು ಒತ್ತೋಕೆ ಮೊದಲೇ ಮೇಡಂ ಒತ್ತಿರ್ತಾರೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಇವತ್ತು ಅವರ ಕಾಲು ಬರ್ಲಿಲ್ಲ. ನಾನೇ ಒತ್ತಿದೆ. ಆ ತಳ್ಳುಗಾಡಿಗೂ ನಮ್ಮ ಕಾರಿಗೂ ನಡುವೆ ಒಂದು ಮೊಳ ಇತ್ತು."

ನಾನು ಕಾರಿನ ಬಾಗಿಲು ತೆಗೆದೆ. ಅತ್ತಿಗೆ ತಲೆ ಎತ್ತಲಿಲ್ಲ.

"ಇವತ್ತು ಅವರೇ ನಂಗೆ ಕಲಿಸಿದ್ರು ಕಣೇ" ಎಂದು ನಗಲು ನೋಡಿದಳು. ನಗು ಅರ್ಧ ದಾರಿಯಲ್ಲೇ ಕೆಟ್ಟು ನಿಂತಿತು.

"ಎಷ್ಟು ಕುಡಿದಿದ್ದೀರಿ?" ಟೆಲಿಫೋನ್ ಅಮ್ಮ ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ, ನಂಬರ್ ಕೇಳಿದ ಹಾಗಿತ್ತು.

"ಬೆಳಿಗ್ಗೆ ಒಂಚೂರು."

"ಒಂಚೂರು ಅಂದ್ರಿ. ಒಂಚೂರು ಅಂದ್ರೆ?"

"ಶೇಕರಿನಲ್ಲಿ ಅರ್ಧ. ಕೈ ನಡುಗ್ತಿತ್ತು, ನಿಲ್ಲತ್ತೆ ಅಂತ."

ಆಗ ನನ್ನ ಬಾಯಿಯಿಂದ ತಾನಾಗಿ ಬಂತು: "ನಂಗೊತ್ತಿತ್ತು."

"ನಿಂಗೊತ್ತಿದೆ ಅಂತ ನಂಗೂ ಗೊತ್ತಿತ್ತು" ಎಂದಳು ಅತ್ತಿಗೆ.

"ಚೆನ್ನಾಗಿದೆ" ಎಂದರು ಟೆಲಿಫೋನ್ ಅಮ್ಮ. "ಎರಡು ಕಡೆನೂ ರಿಸೀವರ್ ಎತ್ತಿದ್ದೀರಿ, ಒಬ್ಬರೂ ಹಲೋ ಅಂದಿಲ್ಲ."

ಅತ್ತಿಗೆ ಅಳತೊಡಗಿದಳು. ಅವಳು ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ಅವಳ ತಾಯಿ ಹೋದಾಗ. ತಳ್ಳುಗಾಡಿಯ ಮಗುವಿನ ಟೋಪಿ ಹಳದಿ ಬಣ್ಣದ್ದು ಎಂದು ಮತ್ತೆ ಮತ್ತೆ ಹೇಳಿದಳು. ಟೆಲಿಫೋನ್ ಅಮ್ಮ ಬ್ಯಾಗಿನಿಂದ ಕರವಸ್ತ್ರ ತೆಗೆದುಕೊಟ್ಟರು, ಕೀ ಮಾತ್ರ ಕೊಡಲಿಲ್ಲ. ಮೀಸೆ ಮಾಸ್ತರರು ಬಂದ ಮೇಲೆ ಅವರ ಕೈಗೇ ಹಾಕಿದರು. ಮಾಸ್ತರರು ಕಾರು ಒಯ್ದರು. ನಾವು ಮೂವರು ಹೆಂಗಸರು ಬಿಸಿಲಲ್ಲಿ ನಡೆದು ಮನೆಗೆ ಬಂದೆವು.

ಅಣ್ಣ ಅಂದು ಹಾಡಹಗಲೇ ಅಂಗಡಿ ಮುಚ್ಚಿ ಬಂದ. ಊಟದ ಮೇಜಿನಲ್ಲಿ ಅತ್ತಿಗೆ ಎಲ್ಲವನ್ನೂ ಹೇಳಿದಳು. ಬಾಟಲಿಗಳು ಎಲ್ಲೆಲ್ಲಿವೆ ಎಂಬುದನ್ನೂ. ಒಂದು ಬಟ್ಟೆ ಒಗೆಯುವ ಪುಡಿಯ ಡಬ್ಬದಲ್ಲಿ, ಒಂದು ಅವಳ ಹಳೆಯ, ಈಗ ಯಾರಿಗೂ ಆಗದ ಅಂಗಿಗಳ ಕೆಳಗೆ. ಅಣ್ಣ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ಆ ದಿನದ ಹತ್ತು ವಾಕ್ಯವನ್ನೂ ಒಂದೇ ಸಲಕ್ಕೆ ಖರ್ಚು ಮಾಡಿದ.

"ನಾನೇ ತಂದುಕೊಟ್ಟಿದ್ದೀನಿ. ಎರಡು ಸಲ. ನೀನು ಹೇಳಿರ್ಲಿಲ್ಲ, ನಾನಾಗೇ ತಂದೆ. ಆಪರೇಷನ್ ಆದ್ಮೇಲೆ ನೀನು ನಗೋದು ಬಿಟ್ಟಿದ್ದೆ. ಆ ಭಾನುವಾರ ನೀನು ನಕ್ಕೆ. ಅದಕ್ಕೇ ತಂದೆ. ಜನರ ಕಣ್ಣು ನೋಡೋದು ನನ್ನ ಕೆಲಸ. ದಿನಾ ಬೆಳಿಗ್ಗೆ ನಿನ್ನ ಕಣ್ಣು ಕೆಂಪಗಿರೋದು ನಂಗೆ ಕಾಣ್ಲಿಲ್ವಾ? ಕಾಣ್ತಿತ್ತು. ನೋಡಿರ್ಲಿಲ್ಲ ಅಷ್ಟೇ."

ಅತ್ತಿಗೆ ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ಒರೆಸಿ ಒರೆಸಿ ಮಂಜು ಮಾಡಿದ್ದ ಗಾಜನ್ನು ತಾನು ಸರಿಯಾಗಿ ಒರೆಸಿಕೊಟ್ಟಳು. "ಅಂಗಡಿಯವನ ಕನ್ನಡಕ ನೋಡು" ಎಂದಳು.

ಮರುದಿನ ಅಣ್ಣ, ಅತ್ತಿಗೆ, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಆಪರೇಷನ್ ಆದವರ ಊಟದ ಲೆಕ್ಕ ನೋಡುವ ತಜ್ಞೆಯೊಬ್ಬರಿದ್ದಾರೆ. ಎತ್ತರಕ್ಕೆ, ಸಣ್ಣಗೆ ಇರುವುದರಿಂದ ಅತ್ತಿಗೆ ಅವರಿಗೆ ಕಡ್ಡಿ ಮೇಡಂ ಎಂದು ಹೆಸರಿಟ್ಟಿದ್ದಾಳೆ. ಬೈಯುತ್ತಾರೆಂದುಕೊಂಡಿದ್ದೆವು. ಅವರು ಬೈಯಲಿಲ್ಲ. ಈ ಆಪರೇಷನ್ ಆದವರ ಹೊಟ್ಟೆಯಲ್ಲಿ ಮದ್ಯ ನಿಲ್ಲುವುದೇ ಇಲ್ಲ, ನೇರ ಕರುಳಿಗಿಳಿದು ನಿಮಿಷಗಳಲ್ಲಿ ರಕ್ತಕ್ಕೆ ಸೇರುತ್ತದೆ, ಮೊದಲಿಗಿಂತ ಎಷ್ಟೋ ಜೋರಾಗಿ ಏರುತ್ತದೆ, ಇಳಿಯುವುದು ನಿಧಾನ ಎಂದರು. ಮೊದಲು ಕುಡಿತದ ಗೀಳೇ ಇಲ್ಲದವರಲ್ಲೂ ಒಂದೆರಡು ವರ್ಷ ಕಳೆದ ಮೇಲೆ ಹೀಗಾಗುವುದುಂಟು ಎಂದರು. ಊಟದಿಂದ ಸಿಗುತ್ತಿದ್ದ ಸುಖ ನಿಂತಾಗ ಮನಸ್ಸು ಬೇರೆ ಬಾಗಿಲು ಹುಡುಕುವುದೂ ಉಂಟಂತೆ.

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಎಂದು ನಾನು ಸ್ವಲ್ಪ ಏರಿದ ದನಿಯಲ್ಲಿ ಕೇಳಿದೆ.

"ಪುಸ್ತಿಕೆಯಲ್ಲಿ ಹತ್ತೊಂಬತ್ತನೇ ಪುಟ. ಇಡೀ ಪುಟ ಅದೇ ಇದೆ" ಎಂದರು ಅವರು.

"ಸೂಪು ಎಷ್ಟನೇ ಪುಟಕ್ಕೆ ಮುಗಿಯತ್ತೆ?" ಅತ್ತಿಗೆ ಕೇಳಿದಳು.

"ಹದಿನೆಂಟಕ್ಕೆ."

ಅತ್ತಿಗೆ ನನ್ನತ್ತ ತಿರುಗಿದಳು. "ಇನ್ನೊಂದು ಪುಟ ತಿರುಗ್ಸೋಕೆ ನಿಂಗೆ ಏನು ಧಾಡಿಯಾಗಿತ್ತೇ?"

"ಹೊಟ್ಟೆ ಯಾರದು? ನೀನು ಓದ್ಬೇಕಿತ್ತು!"

ಕಡ್ಡಿ ಮೇಡಂ ಕೆಮ್ಮಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದರು. ಕೈ ನಡುಗುವಷ್ಟಾಗಿದೆ ಎಂದರೆ ಮನೆಯಲ್ಲೇ ಧಿಡೀರನೆ ಬಿಡುವ ಸಾಹಸ ಬೇಡ, ಡಾಕ್ಟರು ನೋಡಿಕೊಂಡು ಬಿಡಿಸಬೇಕು ಎಂದರು. ಹಾಗೆಯೇ ಐದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಔಷಧಿ ಕೊಟ್ಟರು, ರಕ್ತದಲ್ಲಿ ಕಡಿಮೆಯಾಗಿದ್ದ ವಿಟಮಿನ್ ತುಂಬಿಸಿದರು. ಮದ್ಯ ಇನ್ನು ಪೂರ್ತಿ ಬೇಡ, ಅರ್ಧ ಗ್ಲಾಸೂ ಬೇಡ ಎಂದರು. ಪ್ರತಿ ಗುರುವಾರ ಇಂಥವರದೇ ಒಂದು ಗುಂಪು ಸೇರುತ್ತದೆ, ತಪ್ಪಿಸಬಾರದು ಎಂದೂ ಹೇಳಿದರು.

ಮನೆಗೆ ಬಂದ ದಿನವೇ ಅತ್ತಿಗೆ ಆಫೀಸಿಗೆ ಹೋಗಿ ಬೋರ್ಡಿನ ಮೇಲೆ ತನ್ನ ಹೆಸರಿನ ಮುಂದಿದ್ದ ಪಾಠಗಳನ್ನೆಲ್ಲ ಒರೆಸಿದಳು. ಡಾಕ್ಟರು ಸರಿ ಎನ್ನುವವರೆಗೆ ಕಲಿಸುವ ಸೀಟಿನಲ್ಲಿ ಕೂರುವುದಿಲ್ಲ ಎಂದಳು. ವಿದ್ಯಾರ್ಥಿಗಳೆಲ್ಲ ಮೀಸೆ ಮಾಸ್ತರರ ಪಾಲಾದರು. ಟೆಲಿಫೋನ್ ಅಮ್ಮ ಒಬ್ಬರು ಒಪ್ಪಲಿಲ್ಲ. "ನಾನು ಕಾಯ್ತೀನಿ" ಎಂದರು. ಮನೆಯಲ್ಲೇ ಕಾಯಬಹುದಿತ್ತು. ಅವರು ದಿನಾ ಆಫೀಸಿಗೇ ಬಂದು ಕೂತು ಕಾದರು. ಒಂದು ಸಲ ನಾನು ಸಿಂಕಿನ ಬಳಿ ಇದ್ದಾಗ ಫೋನ್ ಎತ್ತಿದರು. ಅಲ್ಲಿಂದಾಚೆಗೆ ನನಗೆ ಫೋನ್ ಮುಟ್ಟಲು ಬಿಡಲಿಲ್ಲ. ಆ ಎರಡು ತಿಂಗಳಲ್ಲಿ ಹೊಸದಾಗಿ ಸೇರಿದವರ ಸಂಖ್ಯೆ ಹೆಚ್ಚಾಯಿತೆಂದು ಒಪ್ಪಿಕೊಳ್ಳಲು ನನಗೆ ಈಗಲೂ ಕಷ್ಟ.

ಮೊದಲ ವಾರಗಳಲ್ಲಿ ಅತ್ತಿಗೆ ಮುಖ ಗಂಟು ಹಾಕಿಕೊಂಡೇ ಇದ್ದಳು. ಚಮಚ ಸದ್ದಾದರೂ ಸಿಡುಕು. ಸಂಜೆ ಆರರಿಂದ ಏಳರವರೆಗೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅಣ್ಣನೂ ಅವಳೂ ಬೀದಿಯಲ್ಲಿ ಮೇಲೆ ಕೆಳಗೆ ನಡೆಯುತ್ತಿದ್ದರು. ಅವಳು ಮಾತಾಡುತ್ತಿದ್ದಳು, ಅವನು ನಡೆಯುತ್ತಿದ್ದ. ಐದನೆಯ ವಾರ ಪಕ್ಕದ ಮನೆಯವರು ಯಾವುದೋ ಖುಷಿಗೆ ಬಾಟಲಿಯೊಂದನ್ನು ಕೊಟ್ಟುಹೋದರು, ಆಗ ಮನೆಯಲ್ಲಿ ಅವಳೊಬ್ಬಳೇ. ಮರುದಿನ ಬೆಳಿಗ್ಗೆ ಮೇಜಿಗೆ ಬಂದು ಕೂತವಳೇ, "ನಿನ್ನೆ ಕುಡಿದೆ. ಎರಡು ಗ್ಲಾಸು" ಎಂದಳು. ಯಾರೂ ಕೇಳಿರಲಿಲ್ಲ. ಅಣ್ಣ ವಿಟಮಿನ್ ಮಾತ್ರೆಯನ್ನು ಅವಳ ಮುಂದಿಟ್ಟು, "ಗುರುವಾರ ಯಾವತ್ತು?" ಎಂದ. "ಗುರುವಾರ ಗುರುವಾರವೇ ಬರತ್ತೆ" ಎಂದಳು ಅತ್ತಿಗೆ. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಮೂವರೂ ಆ ಬೆಳಿಗ್ಗೆ ನಕ್ಕಿದ್ದು ನಿಜ. ಅವಳು ಅಂದೇ ಕಡ್ಡಿ ಮೇಡಂಗೆ ಫೋನ್ ಮಾಡಿ ಹೇಳಿದ್ದೂ ನಿಜ. ಅದಾದ ಮೇಲೆ ಇಲ್ಲಿಯವರೆಗೆ ಮುಟ್ಟಿಲ್ಲ.

ಚಿಕ್ಕಪ್ಪನಿಗೆ ಸುದ್ದಿ ಗೊತ್ತಿರಲಿಲ್ಲ. ಯಾವುದೋ ಊಟಕ್ಕೆ ಕರೆಯಲು ಮನೆಗೆ ಫೋನ್ ಮಾಡಿ, "ನಮ್ಮ ಒಂದೇ ಗ್ಲಾಸಿನ ಅತ್ತಿಗೆ ಬರ್ಲೇಬೇಕು" ಎಂದರು. ಫೋನ್ ಎತ್ತಿದ್ದು ನಾನು. ಏನು ಹೇಳಲೆಂದು ತಡವರಿಸುತ್ತಿದ್ದಾಗ ಅತ್ತಿಗೆ ಕೈಚಾಚಿ ಫೋನ್ ತೆಗೆದುಕೊಂಡಳು.

"ಚಿಕ್ಕಪ್ಪ, ಬರ್ತೀನಿ. ಆದ್ರೆ ಕುಡಿಯಲ್ಲ. ಆಪರೇಷನ್ ಆದ್ಮೇಲೆ ಅದು ನನ್ನ ಮೈಗೆ ವಿಷ, ಹಾಗಂತ ಬಿಡೋಕೂ ಆಗ್ದೆ ಆಸ್ಪತ್ರೆ ಸೇರಿದ್ದೆ. ಇನ್ಮೇಲೆ ಯಾರೂ ತಮಾಷೆಗೂ ಬಗ್ಗಿಸ್ಬಾರ್ದು. ನೀವೇ ಎಲ್ಲರಿಗೂ ಹೇಳ್ಬಿಡಿ, ನಿಮ್ಮ ಡಿಪಾರ್ಟ್‌ಮೆಂಟ್ ಅದು."

ಆ ಕಡೆಯಿಂದ ಚಿಕ್ಕಪ್ಪ ಏನೋ ಹೇಳಿದರು. ಅತ್ತಿಗೆ, "ಅಯ್ಯೋ, ನೀವ್ಯಾಕೆ ಅಳ್ತೀರಿ, ಸುಮ್ನಿರಿ" ಎಂದು ಸಮಾಧಾನ ಮಾಡುವಷ್ಟರಲ್ಲಿ ಅರ್ಧ ಗಂಟೆಯಾಯಿತು.

ಹತ್ತನೆಯ ವಾರ ಡಾಕ್ಟರು ಒಪ್ಪಿಗೆ ಕೊಟ್ಟರು. ಮೊದಲ ಪಾಠ ಟೆಲಿಫೋನ್ ಅಮ್ಮನದೇ. ಅವರು ಕಾರಿನ ಪಕ್ಕ ನಿಂತು, "ಮೇಡಂ, ಒಂದ್ಸಲ ಉಫ್ ಅನ್ನಿ" ಎಂದರು. ಅತ್ತಿಗೆಯ ಮುಖ ಕೆಂಪಾಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅತ್ತಿಗೆ ಬಗ್ಗಿ, ಅವರ ಮೂಗಿನ ಮುಂದೆ ಉಫ್ ಎಂದಳು.

"ಉಫ್ ಅಂದ್ರಿ. ಪುದೀನ" ಎಂದು ಟೆಲಿಫೋನ್ ಅಮ್ಮ ಒಳಗೆ ಕೂತರು.

ಪರೀಕ್ಷೆಯಲ್ಲಿ ಮೊದಲ ಸಲ ಅವರು ಫೇಲಾದರು. ಸೈಕಲ್ಲುಗಳು ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸಿದ್ದರಿಂದ ಪರೀಕ್ಷಕರಿಗೆ ಚಹದ ಹೊತ್ತು ತಪ್ಪಿಹೋಯಿತಂತೆ. ಎರಡನೆಯ ಸಲ ಪಾಸಾದರು. ಹೇಗೆ ಎಂದು ಕೇಳಿದ್ದಕ್ಕೆ, "ಪರೀಕ್ಷಕರು ನನ್ನ ಜೊತೆ ಇನ್ನೊಂದು ಸಲ ಕೂರೋಕೆ ತಯಾರಿರ್ಲಿಲ್ಲ ಅನ್ಸತ್ತೆ" ಎಂದರು.

ಲೈಸೆನ್ಸ್ ಕೈಗೆ ಬಂದ ವಾರವೇ, ಗುರುವಾರ ಮಧ್ಯಾಹ್ನ, ಗಂಡನ ಕಾರನ್ನು ಶೆಡ್ಡಿನಿಂದ ತೆಗೆದು ನಮ್ಮ ಆಫೀಸಿನ ಮುಂದೆ ತಂದು ನಿಲ್ಲಿಸಿದರು. ಅತ್ತಿಗೆಯನ್ನು ಆಸ್ಪತ್ರೆಯ ಗುಂಪಿಗೆ ತಾವೇ ಬಿಟ್ಟುಬರುವುದಾಗಿ ಹೇಳಿದರು. ಆಸ್ಪತ್ರೆ ಇರುವುದು ಒಂದೂವರೆ ಕಿಲೋಮೀಟರು ದೂರ. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತಳು. ಆ ಕಾರಿನಲ್ಲಿ ಅವಳ ಕಾಲ ಬಳಿ ಬರೀ ರಬ್ಬರ್ ಮ್ಯಾಟು. ಕಾರು ಬೀದಿಯ ಕೊನೆ ಮುಟ್ಟುವವರೆಗೆ ನಾನೂ ಮೀಸೆ ಮಾಸ್ತರರೂ ನಿಂತು ನೋಡಿದೆವು. ತುಂಬ ಹೊತ್ತೇ ನಿಲ್ಲಬೇಕಾಯಿತು.

ಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. ಅಂದು ಅದನ್ನು ಎತ್ತಲು ನಾನೇ ಇದ್ದೆ.

"ಮುಟ್ಟಿದ್ವಿ" ಎಂದಳು ಅತ್ತಿಗೆ. "ಗುಂಪು ಶುರುವಾಗಿ ಕಾಲು ಗಂಟೆ ಆಯ್ತು. ನಡ್ಕೊಂಡು ಬಂದಿದ್ರೆ ಇಪ್ಪತ್ತು ನಿಮಿಷ. ವಾಪಸ್ಸೂ ಅವರೇ ಕರ್ಕೊಂಡು ಬರ್ತಾರಂತೆ, ನೀವು ಊಟ ಮಾಡ್ಬಿಡಿ."